ಹೋಪಿ ಬೊಂಬೆಗೆ ಇಟ್ಟ ಕುಂಕುಮ

ನಾವಿರುವ ನೋವೈಯಿಂದ ಶಿಕಾಗೋವರೆಗೆ ಡ್ರೈವ್ ಮಾಡಿಕೊಂಡು ಆ ಕರಕುಶಲ ಮೇಳಕ್ಕೆ ಹೋದದ್ದು ನನ್ನ ಹಟದಿಂದ. ದಸರಾ ಬೊಂಬೆ ಕೂರಿಸುವವಳಿಗೆ ಎಲ್ಲಿ ಬೊಂಬೆ ಕಂಡರೂ ಆಸೆ. ಅರಿಜೋನಾದಿಂದ ಬಂದಿದ್ದ, ಅಲ್ಲಿನ ಮೂಲನಿವಾಸಿಗಳಾದ ಹೋಪಿ ಜನಾಂಗದ ಹಿರಿಯರೊಬ್ಬರು ಅಲ್ಲಿ ಕೂತು ಕಚೀನಾ ಬೊಂಬೆ ಕೆತ್ತುತ್ತಿದ್ದರು. ಒಂದು ತುಂಡು ಬೇರು, ಒಂದು ಚಾಕು, ಅಷ್ಟೇ. ನೋಡುನೋಡುತ್ತಿದ್ದಂತೆ ಬೇರಿನೊಳಗಿಂದ ಭುಜ ಮೂಡಿತು, ಮೊಣಕಾಲು ಮೂಡಿತು. ನೀರು ಹುಡುಕಿಕೊಂಡು ಹೋಗುವ ಮರದ ಬೇರೇ ಆಗಬೇಕಂತೆ, ಏಕೆಂದರೆ ಕಚೀನಾಗಳು ಮಳೆ ತರುವ ಚೇತನಗಳು. ಅರ್ಧ ವರ್ಷ ಊರಲ್ಲಿದ್ದು, ಬೇಸಿಗೆಯಲ್ಲಿ ಬೆಟ್ಟಕ್ಕೆ ಮರಳುತ್ತವಂತೆ. ಅವುಗಳನ್ನು ಗುರುತಿಸಲು ಕಲಿಯಲೆಂದು ಹೆಣ್ಣುಮಕ್ಕಳಿಗೆ ಬೊಂಬೆ ಕೊಡುತ್ತಾರೆ. ಗೋಡೆಗೆ ತೂಗುಹಾಕಬೇಕು, ಪೂಜೆಗಲ್ಲ ಎಂದರು. ಅವರ ಕೈಯನ್ನೇ ನೋಡುತ್ತಾ ನಾನು ಅರ್ಧ ಮಾತು ಕೇಳಿಸಿಕೊಂಡೆ. ಹನ್ನೊಂದು ವರ್ಷದ ಮಗಳು ಪೂರ್ತಿ ಕೇಳಿಸಿಕೊಂಡಳು. ಕೊಂಡ ಬೊಂಬೆ ಅವಳ ಕೋಣೆಯ ಗೋಡೆ ಏರಿತು.

ದಸರೆ ಬಂದಾಗ ನನ್ನ ಕೈ ಸುಮ್ಮನಿರಲಿಲ್ಲ. ಅವಳು ಸ್ಕೂಲಿಗೆ ಹೋದ ಮೇಲೆ ಬೊಂಬೆಯನ್ನು ಇಳಿಸಿ, ಪಟ್ಟದ ಬೊಂಬೆಗಳ ಪಕ್ಕ ಒರಗಿಸಿ, ಮಳೆ ತರುವವನಲ್ಲವೇ ಎಂದು ಹಣೆಗೆ ಕುಂಕುಮವನ್ನೂ ಇಟ್ಟೆ.

ಸಂಜೆ ಬಂದವಳು ನೋಡಿ, "ಅಮ್ಮಾ, ಹೀ ಟೋಲ್ಡ್ ಅಸ್. ಇಟ್ಸ್ ನಾಟ್ ಫಾರ್ ಪೂಜಾ," ಅಂದಳು.

ನನಗೆ ರೇಗಿತು. ತೆಗೆದರಾಯಿತಲ್ಲ ಎಂದು ಒದ್ದೆ ಬಟ್ಟೆಯಿಂದ ಹಣೆ ಒರೆಸಿಯೇಬಿಟ್ಟೆ. ಬೊಂಬೆಗೆ ಬಳಿದದ್ದು ಮಣ್ಣಿನ ಬಣ್ಣ, ಕುಂಕುಮದ ಜೊತೆ ಅದೂ ಕಿತ್ತು ಬಂತು. ಅವಳು ಅಳಲಿಲ್ಲ. ಬೊಂಬೆ ಎತ್ತಿಕೊಂಡು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಆಮೇಲೆ ನಮ್ಮ ನಡುವೆ ಮಾತು ಊಟಕ್ಕೆ, ಹೋಮ್‌ವರ್ಕಿಗೆ ಅಷ್ಟೇ. ತಪ್ಪು ನನ್ನದೇ ಎಂದು ಗೊತ್ತಿದ್ದೂ ಬಾಯಿಬಿಟ್ಟು ಹೇಳಲಾಗದೆ ಒಳಗೇ ಬೇಯುತ್ತಿದ್ದೆ.

ಮರುವರ್ಷ ಬೊಂಬೆಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು, ಮಗಳ ಜೊತೆ ಅದೇ ಮೇಳಕ್ಕೆ ಹೋದೆ. ಹಿರಿಯರ ಮುಂದೆ ನಡೆದದ್ದನ್ನೆಲ್ಲ ಒಪ್ಪಿಕೊಂಡು, ಬಣ್ಣ ಹಚ್ಚಿಕೊಡಿ ಎಂದು ಕೇಳಿದೆ. ಅವರು ಮಗಳ ಕಡೆ ತಿರುಗಿ ಬೊಂಬೆಯನ್ನು ತೋರಿಸಿ, ಇವನು ಯಾರು ಎಂದರು. ಅವಳು ಹೆಸರು ಹೇಳಿದಳು. ಕೈಯಲ್ಲಿ ಏನು ಹಿಡಿದಿದ್ದಾನೆ, ಯಾಕೆ ಬರುತ್ತಾನೆ, ಯಾವಾಗ ಹೊರಡುತ್ತಾನೆ, ಎಲ್ಲವನ್ನೂ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಹೆಣ್ಣುಮಕ್ಕಳ ಕೈಯಲ್ಲಿ ಬಣ್ಣ ಸವೆಯುವುದು ಇದ್ದದ್ದೇ, ಮತ್ತೆ ಹಚ್ಚುವುದು ಬೇಡ, ಬೊಂಬೆಯ ಕೆಲಸ ಆಗಿದೆ ಎಂದರು ಅವರು. ನಾನು ಕೈ ಚಾಚಿದ್ದೆ. ಅವರು ಬೊಂಬೆಯನ್ನು ಮಗಳ ಕೈಗೆ ಕೊಟ್ಟರು.

ಕಾರಿನಲ್ಲಿ ಕೂತು, "ಸಾರಿ ಕಣೇ. ಅವತ್ತು ಅವರು ಹೇಳಿದ್ದು ನಾನು ಸರಿಯಾಗಿ ಕೇಳಿಸ್ಕೊಳ್ಳಲೇ ಇಲ್ಲ," ಅಂದೆ.

"ಐ ನೋ," ಅಂದಳು. ಬೊಂಬೆಯನ್ನು ಮಡಿಲಲ್ಲಿಟ್ಟುಕೊಂಡು, "ಶಲ್ ಐ ಟೆಲ್ ಯೂ ನೌ?" ಅಂದಳು.

ನೋವೈವರೆಗೂ ಹೇಳಿದಳು. ಈ ಸಲ ನಾನು ಪೂರ್ತಿ ಕೇಳಿಸಿಕೊಂಡೆ.