ಇಲಿಗಳ ಹಲಗೆಗೆ ಆಯುಧಪೂಜೆ

ಗೋರೆಗಾಂವ್‌ನ ನಮ್ಮ ಲ್ಯಾಬಿನಲ್ಲಿ ಇಲಿಗಳ ಹೆದರಿಕೆ ಅಳೆಯಲು ಪ್ಲಸ್ ಆಕಾರದ ಎತ್ತರದ ಮರದ ಹಲಗೆಯೊಂದಿತ್ತು. ಅದರ ಎರಡು ತೋಳುಗಳಿಗೆ ಗೋಡೆಯಿತ್ತು, ಇನ್ನೆರಡು ಬಯಲು. ಹೆದರಿದ ಇಲಿ ಗೋಡೆಯ ಮರೆ ಬಿಟ್ಟು ಬರುವುದಿಲ್ಲ. ಪ್ರೊಜೆಸ್ಟರಾನ್ ಹಾರ್ಮೋನಿನಿಂದ ಮೆದುಳು ತಾನೇ ತಯಾರಿಸಿಕೊಳ್ಳುವ ಒಂದು ರಾಸಾಯನಿಕವಿದೆ. ಅದನ್ನು ಚುಚ್ಚಿದ ಇಲಿಗಳು ಧೈರ್ಯವಾಗಿ ಬಯಲಿಗೆ ಬರುತ್ತಿದ್ದವು.

ದಸರಾ ಮುಗಿದ ಮೇಲೆ ಮಾತ್ರ ಒಂದು ಇಲಿಯೂ ಮರೆ ಬಿಟ್ಟು ಕದಲಲಿಲ್ಲ.

"ಔಷಧ ಕೆಲಸ ಮಾಡ್ತಿಲ್ಲ ಕಣಮ್ಮ, ಈ ವಿಷಯ ಬಿಟ್ಬಿಡು," ಎಂದರು ನನ್ನ ಪಿಎಚ್‌ಡಿ ಗೈಡ್ ಮೇಡಂ. ದಸರಾಕ್ಕೆ ಮೊದಲು ಇದೇ ಔಷಧ ಕೆಲಸ ಮಾಡಿತ್ತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಮೇಡಂ ಮೈಸೂರಿನವರು. ಆಯುಧಪೂಜೆಯ ದಿನ ಮೈಕ್ರೋಸ್ಕೋಪಿನಿಂದ ಹಿಡಿದು ಈ ಹಲಗೆಯವರೆಗೆ ಎಲ್ಲದಕ್ಕೂ ಅರಿಶಿನ ಕುಂಕುಮವಿಟ್ಟು ಸಾಂಬ್ರಾಣಿ ಹೊಗೆ ಹಾಕಿದ್ದರು. ನಾನು ಬಗ್ಗಿ ಹಲಗೆಯನ್ನು ಮೂಸಿದೆ. ದೇವರ ಕೋಣೆಯ ವಾಸನೆ! ನಮಗದು ಪರಿಮಳ, ಇಲಿಗೆ ಗುರುತಿಲ್ಲದ ಯಾವುದೋ ಅಪಾಯ.

"ಬಿಡೋದಿಲ್ಲ ಮೇಡಂ. ಬೇರೆ ಹಲಗೆ ಮಾಡಿಸಿ ಮೊದಲಿಂದ ಮಾಡ್ತೇನೆ."

"ನನ್ನ ಪೂಜೆಯಿಂದ ಕೆಟ್ಟಿತು ಅಂತೀಯಾ?"

"ಹೌದು ಮೇಡಂ."

ಮಲಾಡ್‌ನ ಬಡಗಿಯಿಂದ ಹೊಸ ಹಲಗೆ ಮಾಡಿಸಿ ಹೊಸ ಇಲಿಗಳನ್ನು ಬಿಟ್ಟೆ. ಔಷಧ ಪಡೆದವು ಬಯಲಿನ ತುದಿಯವರೆಗೂ ನಡೆದು ಕೆಳಗೆ ಇಣುಕಿದವು. ಮೇಡಂ ನೋಡಿ, ನನ್ನ ದಾಖಲೆ ಪುಸ್ತಕಕ್ಕೆ ಸಹಿ ಹಾಕಿದರು.

ಮರುವರ್ಷ ಅವರು ಮತ್ತೆ ಸಾಂಬ್ರಾಣಿ ಹಿಡಿದು ಬಂದಾಗ ನಾನು ಇಲಿಗಳ ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. ಹೋಟೆಲ್ ನಡೆಸುವವರ ಮನೆಯಲ್ಲಿ ಬೆಳೆದವಳು ನಾನು, ದಿನಾ ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ಹಾಕುವ ಪೂಜೆಯ ಹೊಗೆಯನ್ನು ಯಾವತ್ತೂ ತಡೆದವಳಲ್ಲ. ಧೈರ್ಯದ ಚುಚ್ಚುಮದ್ದು ನನಗೆ ಯಾರೂ ಕೊಟ್ಟಿರಲಿಲ್ಲ. ಆದರೂ ದಾರಿ ಬಿಡಲಿಲ್ಲ.