ಆರು ನಲವತ್ತೆರಡರ ಕಾಗದ

ಬೆಳಗಿನ ಐದು ಗಂಟೆ. ಇವತ್ತು ಮಾರ್ಚ್ ಮೂವತ್ತೊಂದು. ಚಳಿಗಾಲ ಮುಗಿಯಿತೆಂಬ ಸುದ್ದಿ ಅಮೆರಿಕದ ಈರಿ ಸರೋವರದ ಗಾಳಿಗೆ ಇನ್ನೂ ತಲುಪಿದಂತಿಲ್ಲ. ರೋಸಲಿ ಕುಜ್ಮಾಕ್ ಎರಡು ಜೊತೆ ಕಾಲುಚೀಲ ಹಾಕಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದಾರೆ. ಎದುರಿಗೆ ಲ್ಯಾಪ್‌ಟಾಪು, ಪಕ್ಕದಲ್ಲಿ ಹಾಲಿಲ್ಲದ ಕಾಫಿ, ತಟ್ಟೆಯಲ್ಲಿ ನಿನ್ನೆ ಉಳಿದ ಪಿರೋಗಿ. ಆಲೂಗಡ್ಡೆಯ ಈ ಕಡುಬನ್ನು ಬೆಣ್ಣೆಯಲ್ಲಿ ಮತ್ತೆ ಹುರಿದರೆ ಹೊಸದಕ್ಕಿಂತ ರುಚಿ ಎಂಬುದು ಅವರ ನಂಬಿಕೆ. ಒಂದು ಸಾಲು ಬರೆಯುತ್ತಾರೆ, ತುಟಿ ಅಲ್ಲಾಡಿಸುತ್ತ ಓದಿಕೊಳ್ಳುತ್ತಾರೆ, ಅಳಿಸುತ್ತಾರೆ. ಬಾಯಲ್ಲಿ ಸಲೀಸಾಗಿ ಬಾರದ ಮಾತನ್ನು ಅವರು ಕಾಗದದಲ್ಲಿ ಇಡುವುದಿಲ್ಲ.

ಕಾಗದ ಎನ್ನುವುದು ಅವರ ಮಾತು. ಉಳಿದವರು ಇಮೇಲ್ ಎನ್ನುತ್ತಾರೆ. ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ಅದು ನಲವತ್ತೊಂದು ಸಾವಿರ ಜನರ ಫೋನಿಗೆ ಹೋಗಬೇಕು. ಸಹಿ ಗ್ವೆನ್ ಹಾಲ್ಕಂಬ್ ಅವರದು. ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ಈಗ ಅಮೆರಿಕದ ಸಂಸತ್ತಿಗೆ ನಿಂತಿರುವ ಹೆಂಗಸು ಗ್ವೆನ್. ಮೇ ತಿಂಗಳಲ್ಲಿ ಪಕ್ಷದ ಅಭ್ಯರ್ಥಿ ಯಾರೆಂದು ಅದರ ಮತದಾರರೇ ಆರಿಸುವ ಮೊದಲ ಸುತ್ತಿನ ಮತದಾನ. ಅದಕ್ಕೆ ದುಡ್ಡು ಬೇಕು. ಆ ದುಡ್ಡನ್ನು ಗ್ವೆನ್ ದನಿಯಲ್ಲಿ ಮನೆಮನೆಯಿಂದ ಕೇಳುವವರು ರೋಸಲಿ. ಅವರ ಹೆಸರು ಎಲ್ಲಿಯೂ ಇರುವುದಿಲ್ಲ.

ದಿನಕ್ಕೆ ಮೂರು ಕಾಗದ, ಒಂದಕ್ಕೆ ಎಂಬತ್ತೈದು ಡಾಲರ್. ರಜೆಯಿಲ್ಲ, ಆರೋಗ್ಯ ವಿಮೆಯಿಲ್ಲ. ಒಂಬತ್ತು ವರ್ಷಗಳಲ್ಲಿ ಹದಿನಾಲ್ಕು ಅಭ್ಯರ್ಥಿಗಳಾಗಿ ಬರೆದಿದ್ದಾರೆ. ಒಮ್ಮೆ ಮಾಜಿ ಸೈನಿಕನಾಗಿದ್ದರು, ಒಮ್ಮೆ ಹೈನು ರೈತನಾಗಿದ್ದರು. ಎರಡು ಸಲ ಗೆದ್ದು ಸಂಸತ್ತಿಗೂ ಹೋಗಿದ್ದಾರೆ. "ಪ್ರಮಾಣವಚನದ ದಿನ ನಾನು ಇಲ್ಲೇ ಬಟ್ಟೆ ಮಡಚ್ತಾ ಇದ್ದೆ" ಎಂದು ನಗುತ್ತಾರೆ.

ಇಂದು ಮಾತ್ರ ನಗು ಕಡಿಮೆ. ಅಭ್ಯರ್ಥಿಗಳು ತಮಗೆ ಬಂದ ಹಣದ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ತೋರಿಸಬೇಕು, ಈ ಮೂರು ತಿಂಗಳ ಲೆಕ್ಕಕ್ಕೆ ಇಂದೇ ಕೊನೆಯ ದಿನ. ಪರದೆಯ ಮೇಲೆ ಎರಡು ಕಾಗದಗಳಿವೆ. ಒಂದು ಹಣ ಸಂಗ್ರಹದ ಮೇಲ್ವಿಚಾರಕ ರಾಯ್ಸ್ ಡೆಲ್ಮಾಂಟ್ ಕಳಿಸಿದ್ದು. ತಲೆಬರಹ 'ಕೊನೆಯ ಎಚ್ಚರಿಕೆ'. ಇನ್ನೊಂದು ರೋಸಲಿ ಬರೆದದ್ದು. ಅದಕ್ಕೆ ಇನ್ನೂ ತಲೆಬರಹವಿಲ್ಲ. ಯಾವುದು ಹೋಗಬೇಕೆಂದು ಗ್ವೆನ್ ಆರೂವರೆಗೆ ಫೋನು ಮಾಡಿ ಹೇಳುತ್ತಾರೆ. ರಾಯ್ಸ್ ಮೊದಲೇ ಖಡಾಖಂಡಿತವಾಗಿ ಹೇಳಿದ್ದಾನೆ: "ನೋಡಮ್ಮ, ನಿನ್ನ ಕಾಗದಾನೇ ಹೋಗ್ಲಿ, ನಂದೇನೂ ಅಡ್ಡಿ ಇಲ್ಲ. ಆದ್ರೆ ಮಧ್ಯಾಹ್ನದೊಳಗೆ ಹದಿನೆಂಟು ಸಾವಿರ ಬೀಳ್ಬೇಕು. ಬೀಳ್ಲಿಲ್ವಾ, ನಾಳೆಯಿಂದ ಬೇರೆಯವರು ಬರೀತಾರೆ."

ಈ ಕಸುಬಿಗೆ ಶಾಲೆಯಿಲ್ಲ. ರೋಸಲಿ ಕಲಿತದ್ದು ಊರಿನ ಪೂರ್ವ ಭಾಗದ ಒಂದು ಚರ್ಚಿನ ಕಚೇರಿಯಲ್ಲಿ. ಹತ್ತೊಂಬತ್ತು ವರ್ಷ ಅಲ್ಲಿ ಗುಮಾಸ್ತೆಯಾಗಿದ್ದರು. ಚರ್ಚಿನ ಮಾಡು ಸೋರುತ್ತಿತ್ತು. ರಿಪೇರಿಗೆ ನೆರವು ಕೋರಿ ಮೂರು ಸಲ ಕಾಗದ ಕಳಿಸಿದರೂ ಯಾರೂ ಜೇಬಿಗೆ ಕೈ ಹಾಕಲಿಲ್ಲ. ನಾಲ್ಕನೆಯ ಸಲ ಅವರು ಮಾಡಿನ ವಿಷಯವನ್ನೇ ಬರೆಯಲಿಲ್ಲ. 'ಮಳೆ ಬಂದ ಭಾನುವಾರ ಓಲ್ಗಾ ಸಾಬೊ ಬಲಗಡೆಯ ಆರನೇ ಬೆಂಚಿನಲ್ಲಿ ಕೊಡೆ ಬಿಚ್ಚಿಕೊಂಡು ಪ್ರಾರ್ಥನೆಗೆ ಕೂರುತ್ತಾರೆ' ಎಂದಷ್ಟೇ ಬರೆದರು. ಆರು ವಾರದಲ್ಲಿ ಹೊಸ ಮಾಡು ಬಂತು.

"ಮಾಡಿಗೆ ಯಾರೂ ಕೊಡಲ್ಲ, ಓಲ್ಗಾಗೆ ಕೊಡ್ತಾರೆ" ಎನ್ನುತ್ತಾರೆ ರೋಸಲಿ. "ಓಲ್ಗಾ ಮಾತ್ರ ಒಂದು ವರ್ಷ ನನ್ನ ಹತ್ರ ಮಾತು ಬಿಟ್ಟಿದ್ಲು. ಊರೆಲ್ಲ ನನ್ನ ಕೊಡೆ ಮಾನ ಹರಾಜು ಹಾಕ್ದೆ ಅಂತ."

ಮುಂದೆ ಚರ್ಚು ಮುಚ್ಚಿತು. ಕಾರ್ಖಾನೆಯಲ್ಲಿ ಗಂಡ ಡೆನ್ನಿಸನ ಬೆನ್ನು ಕೆಟ್ಟು ಅವನ ಕೆಲಸವೂ ಹೋಯಿತು. ಮಾಡಿನ ಕಾಗದವನ್ನು ನೆನಪಿಟ್ಟುಕೊಂಡಿದ್ದ ಯಾರೋ ಒಬ್ಬರು ಚುನಾವಣೆಗೆ ಒಂದು ಬರೆದುಕೊಡಿ ಎಂದರು. ಅಂದು ಹಿಡಿದ ಕೆಲಸ ಇಂದಿಗೂ ಬಿಟ್ಟಿಲ್ಲ.

ಅವರ ಕಸುಬಿನ ಗುಟ್ಟುಗಳನ್ನು ಕೇಳುತ್ತ ಕುಳಿತರೆ ನಮ್ಮ ಫೋನನ್ನು ನಾವೇ ಅನುಮಾನದಿಂದ ನೋಡುವಂತಾಗುತ್ತದೆ. ಆರು ನಲವತ್ತೆರಡೇ ಏಕೆ? "ಆರೂವರೆಗೆ ಯಂತ್ರ ಕಳಿಸತ್ತೆ. ಆರು ನಲವತ್ತೆರಡಕ್ಕೆ ಮನುಷ್ಯರು ಕಳಿಸ್ತಾರೆ." ಏಳು ಡಾಲರನ್ನೇ ಏಕೆ ಕೇಳುವುದು? "ಐದು ಅಂದ್ರೆ ಚಂದಾ ವಸೂಲಿ ಅನ್ಸತ್ತೆ, ಹತ್ತು ಅಂದ್ರೆ ಲೆಕ್ಕ ಹಾಕ್ತಾರೆ. ಏಳು ಅಂದ್ರೆ 'ಇದೇನಿದು ಏಳು?' ಅಂತ ಒಂದು ಗಳಿಗೆ ನಿಲ್ತಾರೆ. ನಿಂತೋರು ಓದ್ತಾರೆ." ತಲೆಬರಹವನ್ನೂ ಅವರು ಸುಮ್ಮನೆ ಇಡುವುದಿಲ್ಲ. ಎರಡು ಸಾವಿರ ಜನರಿಗೆ ಒಂದು, ಇನ್ನೆರಡು ಸಾವಿರ ಜನರಿಗೆ ಮತ್ತೊಂದು ಕಳಿಸಿ, ಹೆಚ್ಚು ಜನ ತೆರೆದದ್ದನ್ನು ಉಳಿದವರಿಗೆಲ್ಲ ಕಳಿಸುತ್ತಾರೆ. 'ಆಸ್ಪತ್ರೆಗಳ ಕುರಿತು ನನ್ನ ಯೋಜನೆ' ಎಂಬುದು 'ಬೇಜಾರಾಯಿತು' ಎಂಬುದರ ಮುಂದೆ ಪ್ರತಿ ಸಲವೂ ಮಣ್ಣು ಮುಕ್ಕುತ್ತದೆ. ತುಂಬ ಜನ ಸಹಿಯ ಕೆಳಗಿನ ಅಡಿಬರಹವನ್ನು ಮೊದಲು ಓದುವುದರಿಂದ ಕೇಳುವುದನ್ನೆಲ್ಲ ಅವರು ಅಲ್ಲಿಯೇ ಕೇಳುತ್ತಾರೆ.

ಮಾಡದ ಕೆಲಸವೂ ಒಂದಿದೆ. 'ಇಂದು ನೀವು ಕೊಟ್ಟರೆ ದಾನಿಯೊಬ್ಬರು ಅದಕ್ಕೆ ನಾಲ್ಕು ಪಟ್ಟು ಸೇರಿಸುತ್ತಾರೆ' ಎಂಬ ಸಾಲನ್ನು ಅವರು ನಾಲ್ಕು ವರ್ಷದ ಹಿಂದೆ ಬಿಟ್ಟುಬಿಟ್ಟರು. "ಆ ಪುಣ್ಯಾತ್ಮ ಯಾರು ಅಂತ ಐದು ವರ್ಷ ಕೇಳಿದೆ. ಯಾರಿಗೂ ಗೊತ್ತಿಲ್ಲ. ಆಮೇಲೆ ಬರೆಯೋಕೆ ಕೈ ಬರ್ಲಿಲ್ಲ."

ಆದರೆ ಅವರ ನಿಜವಾದ ಕೈಗುಣ ಬೇರೆ. ಪ್ರತಿ ಕಾಗದದಲ್ಲಿಯೂ ಮನೆಯೊಳಗಿನ ಒಂದು ಪುಟ್ಟ ಸಂಗತಿ ಇರುತ್ತದೆ. ಸೀದ ಬ್ರೆಡ್ಡು, ಅಪ್ಪನ ಊಟದ ಡಬ್ಬಿ, ಒಂಟಿಯಾದ ಕೈಗವಸು. ಓದಿದವರಿಗೆ ಗ್ವೆನ್ ತಮ್ಮ ಎದುರಿಗೇ ಕುಳಿತಂತೆ ಆಗುತ್ತದೆ. ಗ್ವೆನ್ ಫೋನಿಗೆ ಸಿಗುವುದೇ ಅಪರೂಪ. ಹಾಗಾಗಿ ಆ ಸಂಗತಿಗಳೆಲ್ಲ ರೋಸಲಿಯ ಮನೆಯವೇ. ಡಬ್ಬಿಯೂ ಅವರ ಅಪ್ಪನದೇ. ಎಡವಟ್ಟಾದದ್ದು ಇಲ್ಲಿಯೇ.

ಮೂರು ವಾರದ ಹಿಂದೆ ಗ್ವೆನ್ ಹೆಸರಿನಲ್ಲಿ ಅವರು ಹೀಗೆ ಬರೆದರು: 'ಬೆಳಗಿನ ಐದು ಗಂಟೆ. ಅಡುಗೆಮನೆ ಬೆಚ್ಚಗಿಡುವ ಹಳೆಯ ರೇಡಿಯೇಟರ್ ಟಣ್ ಟಣ್ ಎಂದು ಬಡಿದುಕೊಳ್ಳುತ್ತಿದೆ. ರಿಪೇರಿಗೆ ಕೈಯಲ್ಲಿ ಕಾಸಿಲ್ಲ. ನಿಮ್ಮ ಮನೆಯಲ್ಲಿಯೂ ಹೀಗೆಯೇ ಅಲ್ಲವೇ?' ಒಳ್ಳೆಯ ಕಾಗದ. ಹಣವೂ ಚೆನ್ನಾಗಿ ಬಂತು.

ಅದನ್ನು ಓದಿದವರಲ್ಲಿ ಲೀಲಂಡ್ ಫಿಸ್ಕ್ ಒಬ್ಬರು. ವಯಸ್ಸು ಎಪ್ಪತ್ತೊಂದು. ನಲವತ್ತು ವರ್ಷ ಮನೆ ಬೆಚ್ಚಗಿಡುವ ಹಬೆಯ ಕೊಳವೆಗಳನ್ನು ಕೂಡಿಸುವ ಕೆಲಸ ಮಾಡಿದವರು. ಮೊನ್ನೆ ಶನಿವಾರ ಗ್ವೆನ್ ತಮ್ಮ ಮನೆಯಲ್ಲಿ ಬೆಂಬಲಿಗರಿಗೆ ಕಾಫಿ ಕೂಟ ಇಟ್ಟುಕೊಂಡಿದ್ದರು. ಲೀಲಂಡ್ ಹಬ್ಬದ ಅಂಗಿ ಹಾಕಿಕೊಂಡು, ಕೈಯಲ್ಲಿ ಉಪಕರಣದ ಪೆಟ್ಟಿಗೆ ಹಿಡಿದು ಬಂದರು. "ಎಲ್ಲಮ್ಮ ಆ ರೇಡಿಯೇಟರು? ಹತ್ತು ನಿಮಿಷದ ಕೆಲಸ, ಕಾಸೇನೂ ಬೇಡ" ಎಂದರು.

ಗ್ವೆನ್ ಕಕ್ಕಾಬಿಕ್ಕಿಯಾದರು. ತಮ್ಮ ಹೆಸರಿನಲ್ಲಿ ಹೋಗುವುದನ್ನೆಲ್ಲ ಓದಲು ಅವರಿಗೆ ಪುರುಸೊತ್ತಿರಲಿಲ್ಲ. "ನಮ್ಮನೇಲಿ ರೇಡಿಯೇಟರ್ ಇಲ್ವಲ್ಲ, ನಮ್ಮದು ಬಿಸಿಗಾಳಿ" ಎಂದುಬಿಟ್ಟರು. ಲೀಲಂಡ್ ಜೇಬಿನಿಂದ ಕಾಗದ ತೆಗೆದರು. ಅದನ್ನು ಅಚ್ಚು ಹಾಕಿಸಿ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದರು. ಮೂವತ್ತು ಜನ ನೋಡುತ್ತಿದ್ದಂತೆ ಅದನ್ನು ಮೇಜಿನ ಮೇಲಿಟ್ಟು, ಅರ್ಧ ಕುಡಿದ ಕಾಫಿ ಬಿಟ್ಟು ಹೊರಟುಹೋದರು.

ರಾಯ್ಸ್ ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. "ಒಬ್ಬ ಮುದುಕ. ಪಟ್ಟಿಯಿಂದ ಹೆಸರು ಕಿತ್ತು ಹಾಕು, ಮುಗೀತು" ಎಂದ. ರೋಸಲಿಗೆ ಹಾಗೆ ಆಗಲಿಲ್ಲ. ಅವರಿಗೆ ಲೀಲಂಡ್ ಗೊತ್ತು. ಇಮೇಲಿಗೆ ಜನ ಬರೆಯುವ ಉತ್ತರಗಳೆಲ್ಲ ಒಂದು ಪೆಟ್ಟಿಗೆಗೆ ಬಂದು ಬೀಳುತ್ತವೆ, ದಿನಕ್ಕೆ ಇನ್ನೂರೋ ಮುನ್ನೂರೋ. ಅರ್ಧಕ್ಕರ್ಧ ಬೈಗುಳ. ಅವನ್ನು ಓದುವುದು ಯಾರ ಕೆಲಸವೂ ಅಲ್ಲ. ರೋಸಲಿ ತಿಂಡಿ ತಿನ್ನುತ್ತ ಓದುತ್ತಾರೆ. ಲೀಲಂಡ್ ಮೂವತ್ತೊಂದು ಉತ್ತರ ಬರೆದಿದ್ದಾರೆ. ಎಲ್ಲವೂ 'ಪ್ರಿಯ ಗ್ವೆನ್' ಎಂದು ಶುರುವಾಗುತ್ತವೆ. ನಾಯಿಯ ಕಾಲುನೋವು, ಹೆಂಡತಿ ಡೊಲೋರೆಸ್‌ಳ ಡಯಾಲಿಸಿಸ್ಸು, ಹಿತ್ತಿಲ ಹಿಮ, ಎಲ್ಲ ಅದರಲ್ಲಿವೆ.

ಭಾನುವಾರ ರೋಸಲಿ ಅವರಿಗೆ ಫೋನು ಮಾಡಿದರು. ಹಾಗೆ ಮಾಡುವಂತಿಲ್ಲ, ಮಾಡಿದರು. "ಆ ರೇಡಿಯೇಟರ್ ನಮ್ಮನೇದು. ಕಾಗದ ಬರೆದಿದ್ದೂ ನಾನೇ" ಎಂದರು. ಆ ಕಡೆಯಿಂದ "ವಿಳಾಸ ಹೇಳಿ" ಎಂಬ ಮಾತು ಬಂತು.

ನಿನ್ನೆ ಬಂದು ಹತ್ತೇ ನಿಮಿಷದಲ್ಲಿ ಸರಿ ಮಾಡಿದರು. ಕೈ ಒರೆಸಿಕೊಳ್ಳುತ್ತ ಕೇಳಿದರು: "ಊಟದ ಡಬ್ಬಿ?"

"ಅದೂ ನಮ್ಮಪ್ಪಂದೇ."

"'ಲೀಲಂಡ್, ನನ್ನ ಕೈ ಬಿಟ್ಟಿರಾ?' ಅಂತ ಒಂದು ಬಂದಿತ್ತಲ್ಲ?"

"ನಾನು ಬರೆದಿದ್ದೇ. ಹೆಸರು ಯಂತ್ರ ಹಾಕತ್ತೆ. ಆವತ್ತು ಹದಿನೇಳು ಸಾವಿರ ಜನಕ್ಕೆ ಹೋಯ್ತು."

"ಆವತ್ತು ಡೊಲೋರೆಸ್‌ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ" ಎಂದರು ಲೀಲಂಡ್. "ದಾರೀಲಿ ಫೋನು ನೋಡ್ದೆ. ಪಾಪ, ಆ ಹೆಣ್ಣುಮಗಳು ಏನಂದ್ಕೊಂಡ್ಲೋ ಅಂತ ಕಾರು ಪಕ್ಕಕ್ಕೆ ಹಾಕಿ ಏಳು ಡಾಲರ್ ಕಳಿಸ್ದೆ. ಡೊಲೋರೆಸ್ ಬೈದ್ಲು." ಪೆಟ್ಟಿಗೆ ಎತ್ತಿಕೊಂಡು ಬಾಗಿಲಿನ ಬಳಿ ನಿಂತರು. "ನಿಮ್ಮ ಮೇಲೆ ಸಿಟ್ಟಿಲ್ಲ ತಾಯಿ. ಗ್ವೆನ್ ಗೆದ್ರೆ ಒಳ್ಳೇದೇ. ಆದ್ರೆ ಇನ್ಮೇಲೆ ಅವಳು ನಿಜವಾಗ್ಲೂ ಏನಾದ್ರೂ ಬರೆದ್ರೆ, ನಾನು ನಂಬೋದು ಹೆಂಗೆ?"

ಇದನ್ನು ಹೇಳುವಾಗ ರೋಸಲಿಯ ಕಣ್ಣು ಒದ್ದೆಯಾಗುತ್ತದೆ. ಒಂಬತ್ತು ವರ್ಷ ಜನರ ಕರುಳಿಗೆ ಕೈ ಹಾಕಿದಾಕೆಗೆ ನಾಚಿಕೆಯಾಗಿದೆ. ಆ ನಾಚಿಕೆಯನ್ನು ಅವರು ಮುಚ್ಚಿಡುವುದಿಲ್ಲ. "ಕೇಳೋದು ತಪ್ಪಲ್ಲ. ಓಲ್ಗಾ ಕೊಡೆ ನಿಜ ಇತ್ತು. ಇದು ನಿಜ ಇರ್ಲಿಲ್ಲ, ಅಷ್ಟೇ ವ್ಯತ್ಯಾಸ."

ಆರು ಮೂವತ್ತೊಂದಕ್ಕೆ ಫೋನು ಬರುತ್ತದೆ. ಗ್ವೆನ್ ಕಾರಿನಲ್ಲಿದ್ದಾರೆ. "ಓದು, ಕೇಳೋಣ."

ರೋಸಲಿ ಓದುತ್ತಾರೆ: 'ನನ್ನ ಮನೆಯಲ್ಲಿ ರೇಡಿಯೇಟರ್ ಇಲ್ಲ. ಇದೆಯೆಂದು ನನ್ನ ಹೆಸರಿನಲ್ಲಿ ನಿಮಗೆ ಬರೆಯಲಾಗಿತ್ತು. ಅದು ಈ ಕಾಗದಗಳನ್ನು ಬರೆಯುವ ರೋಸಲಿಯ ಮನೆಯದು. ನಿಮ್ಮಲ್ಲೊಬ್ಬರು ಅದನ್ನು ರಿಪೇರಿ ಮಾಡಲು ಉಪಕರಣ ಹಿಡಿದು ನನ್ನ ಮನೆಯವರೆಗೆ ಬಂದರು. ಅದು ಇಲ್ಲವೆಂದು ತಿಳಿದು ಅರ್ಧ ಕಾಫಿಗೇ ಎದ್ದು ಹೋದರು. ಇನ್ನು ಮುಂದೆ ನನ್ನ ಸಹಿಯ ಕಾಗದವನ್ನು ನಾನು ಓದಿಯೇ ಕಳಿಸುತ್ತೇನೆ.'

"ಆ ಮನುಷ್ಯನ ಮುಖ ಮೂರು ದಿನದಿಂದ ಕಣ್ಮುಂದೇನೇ ಇದೆ" ಎನ್ನುತ್ತಾರೆ ಗ್ವೆನ್. "ದುಡ್ಡು ಕೇಳಿದ್ಯಾ?"

"ಒಂದೇ ಸಲ, ಕೊನೇಲಿ."

"ಎಷ್ಟು?"

"ನಿಮಗೆ ಅನ್ಸಿದಷ್ಟು ಅಂತ."

"ರಾಯ್ಸ್ ನಿನ್ನ ಸುಮ್ನೆ ಬಿಡಲ್ಲ ಮಾರಾಯ್ತಿ."

"ಗೊತ್ತು."

"ಕಳಿಸು."

ತಲೆಬರಹ ಬೇಕಲ್ಲ. ಈ ಸಲ ಎರಡೆರಡು ಸಾವಿರ ಜನರ ಪರೀಕ್ಷೆಗೆ ಹೊತ್ತಿಲ್ಲ. 'ತಪ್ಪಾಯಿತು' ಎಂದು ಒತ್ತಿ, ಆರು ನಲವತ್ತೆರಡಕ್ಕೆ ಕಳಿಸಿ, ರೋಸಲಿ ತಣ್ಣಗಾದ ಪಿರೋಗಿಗೆ ಕೈ ಹಾಕುತ್ತಾರೆ.

ಹಣ ನಿಧಾನಕ್ಕೆ ಬರುತ್ತದೆ. ಎಂಟು ಗಂಟೆಗೆ ಎರಡು ಸಾವಿರ, ಹತ್ತಕ್ಕೆ ಐದು. ಡೆನ್ನಿಸ್ ಬೆನ್ನಿಗೆ ದಿಂಬು ಇಟ್ಟುಕೊಂಡು ಪಕ್ಕದಲ್ಲಿಯೇ ಕುಳಿತು ಪರದೆ ನೋಡುತ್ತಾನೆ. "ಎಚ್ಚರಿಕೆ ಕಾಗದ ಕಳಿಸಿದ್ರೆ ಇಷ್ಟೊತ್ತಿಗೆ ಗುರಿ ದಾಟ್ತಿತ್ತಲ್ವಾ?" ಎಂದು ಕೇಳುತ್ತಾನೆ. "ದಾಟ್ತಿತ್ತು" ಎನ್ನುತ್ತಾರೆ ರೋಸಲಿ. ಹೆದರಿಸಿದರೆ ಜನ ಕೊಡುತ್ತಾರೆ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಲೆಕ್ಕ ಏಳು ಸಾವಿರದ ಇನ್ನೂರು ಚಿಲ್ಲರೆ. ಹನ್ನೆರಡು ದಾಟಿ ನಾಲ್ಕು ನಿಮಿಷಕ್ಕೆ ರಾಯ್ಸ್‌ನ ಸಂದೇಶ ಬರುತ್ತದೆ. ನಾಳೆಯಿಂದ ಬೇರೊಬ್ಬರು. ಈ ತಿಂಗಳ ಬಾಕಿ ಶುಕ್ರವಾರದೊಳಗೆ ಸಂದಾಯವಾಗುತ್ತದೆ. ಗ್ವೆನ್‌ಗೂ ಇದು ಗೊತ್ತಿದೆ, ಹಣದ ವಿಷಯದಲ್ಲಿ ರಾಯ್ಸ್‌ನದೇ ಕೊನೆಯ ಮಾತು.

ರೋಸಲಿ ಅದನ್ನು ಎರಡು ಸಲ ಓದಿ ಫೋನು ಮಗುಚಿ ಇಡುತ್ತಾರೆ. ಇಮೇಲಿನ ಪಾಸ್‌ವರ್ಡನ್ನು ರಾಯ್ಸ್‌ನ ಕಡೆಯವರು ಸಂಜೆಯೊಳಗೆ ಬದಲಾಯಿಸಿಬಿಡುತ್ತಾರೆ. ಅಷ್ಟರೊಳಗೆ ಒಮ್ಮೆ ಉತ್ತರದ ಪೆಟ್ಟಿಗೆ ತೆರೆಯೋಣವೆಂದು ಕೂರುತ್ತಾರೆ. ಇಂದು ಎಂಟುನೂರು ದಾಟಿವೆ. ಬೈದವರಿದ್ದಾರೆ. ತಮ್ಮ ಮನೆಯ ರೇಡಿಯೇಟರಿನ ಕಥೆ ಬರೆದವರಿದ್ದಾರೆ. ಎಲ್ಲವೂ ಎಂದಿನಂತೆ ಗ್ವೆನ್ ಹೆಸರಿಗೆ. ನಡುವೆ ಒಂದು ಲೀಲಂಡ್ ಅವರದು:

'ಪ್ರಿಯ ರೋಸಲಿ, ಕಾಗದ ಬಂತು. ಡೊಲೋರೆಸ್‌ಗೂ ಓದಿ ಹೇಳಿದೆ. ಈ ಸಲ ದುಡ್ಡು ಕಳಿಸಿಲ್ಲ, ಔಷಧಿ ತರಬೇಕಿತ್ತು. ಮೇ ತಿಂಗಳಲ್ಲಿ ನಾವಿಬ್ಬರೂ ಹೋಗಿ ಓಟು ಹಾಕುತ್ತೇವೆ. ಲೀಲಂಡ್.'

ಹಣ ಬಾರದ ಉತ್ತರಕ್ಕೆ ರಾಯ್ಸ್‌ನ ಲೆಕ್ಕದಲ್ಲಿ ಸೊನ್ನೆ ಬೀಳುತ್ತದೆ. ರೋಸಲಿ ಡೆನ್ನಿಸನ ಕಡೆಗೆ ಪರದೆ ತಿರುಗಿಸಿ ಮೊದಲ ಸಾಲಿನ ಮೇಲೆ ಬೆರಳಿಡುತ್ತಾರೆ.

"ಒಂಬತ್ತು ವರ್ಷದಲ್ಲಿ ಈ ಪೆಟ್ಟಿಗೆಗೆ ಬಂದಿದ್ದೆಲ್ಲ ಬೇರೆಯವರ ಕಾಗದ ಕಣೋ. ಇದು ನಂದು."