ಅಣ್ಣನ ದನಿ ಇಳಿಸಿದ್ದು

ಮೊನ್ನೆ ಬೆಳಿಗ್ಗೆ ಒಬ್ಬ ಪುಢಾರಿ ನಮ್ಮ ಅಂಗಡಿಗೆ ಬಂದು, ಹೆಬ್ಬೆರಳಿನಷ್ಟು ಉದ್ದದ ಪೆನ್‌ಡ್ರೈವ್ ಕೈಗಿಟ್ಟು, ಇದನ್ನೊಮ್ಮೆ ಹಚ್ಚಿ ನೋಡು ಎಂದ. ಬೈಲಹೊಂಗಲದಲ್ಲಿ ನನ್ನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ಕುಬಸ, ಪುರಾಣ, ಚುನಾವಣೆ, ಯಾವುದಕ್ಕೂ ಇಲ್ಲ ಅನ್ನುವವನಲ್ಲ. ಹಚ್ಚಿದೆ. ಮೊದಲು ವಿಮಾನದ ಸದ್ದು ಬಂತು. ಆಮೇಲೆ ಬಾಂಬು ಸಿಡಿಯಿತು. ಆಮೇಲೆ ಗಡಸು ದನಿಯ ಮನುಷ್ಯನೊಬ್ಬ, ವೈರಿಯ ಮನೆ ಹೊಕ್ಕು ಹೊಡೆಯುವ ಗಂಡೆದೆಯ ನಾಯಕನಿಗೆ ನಿಮ್ಮ ಮತ ಎಂದು ಕೂಗಿದ. ಅಂಗಡಿ ಮುಂದೆ ಮಲಗಿದ್ದ ನಾಯಿ ಎದ್ದು ಹೋಯಿತು. ಚುನಾವಣೆ ತಾಲೂಕು ಪಂಚಾಯ್ತಿಯದು. ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ ಬರುತ್ತದೆ. ಆ ನೀರು ತಡೆದವನೇ ವೈರಿಯಾಗಿದ್ದರೆ ನಾನೂ ಮತ ಹಾಕುತ್ತಿದ್ದೆನೋ ಏನೋ.

ನಗು ಬರಬೇಕಿತ್ತು. ಆದರೆ ಬಹಳ ದಿನ ಮುಚ್ಚಿಟ್ಟ ಆಂಪ್ಲಿಫೈಯರ್ ಬಿಸಿಯಾದಾಗ ಒಳಗಿನ ಧೂಳು ಸುಟ್ಟು ಒಂದು ವಾಸನೆ ಬರುತ್ತದೆ. ಅದು ಮೂಗಿಗೆ ಬಡಿದದ್ದೇ ಯರಗಟ್ಟಿಯ ಆ ಮಧ್ಯಾಹ್ನ ಎದುರು ಬಂದು ನಿಂತಿತು. ನಾಳೆ ಹೇಳುತ್ತೇನೆ ಎಂದು ಪುಢಾರಿಯನ್ನು ಕಳಿಸಿದೆ.

ನಾನು ಕಲಿತದ್ದು ಏಳನೆಯ ಇಯತ್ತೆ. ಅದೂ ಮಾಸ್ತರರ ದಯೆಯಿಂದ. ಅಣ್ಣ ಹಾಗಲ್ಲ, ಮೆಟ್ರಿಕ್ ಮುಗಿಸಿ ಮಿಲಿಟರಿ ಸೇರಿದ. ನಮ್ಮ ಕಡೆ ಹಳ್ಳಿಗೆ ಹತ್ತು ಮನೆಯಲ್ಲಾದರೂ ಒಬ್ಬ ಫೌಜಿ ಇರುತ್ತಾನೆ. ಅವನು ರಜೆಗೆ ಬಂದನೆಂದರೆ ಕಟ್ಟೆಯ ಮೇಲಿನ ಹಿರಿಯರು ಮೊದಲು ಕೇಳುವುದು ಎಷ್ಟು ಮಂದಿಯನ್ನು ಹೊಡೆದಿ ಎಂದು. ಅಣ್ಣ ರೇಡಿಯೋ ವಿಭಾಗದವನು. ಬೆಟ್ಟದ ಮೇಲೆ ಕುಳಿತು ಸಂದೇಶ ಕಳಿಸುವುದು, ತಂತಿ ಹರಿದರೆ ಹೋಗಿ ಕೂಡಿಸುವುದು ಅವನ ಕೆಲಸ. ‘ನಾ ವೈರ್ ಎಳಿಯಾಂವರಿ’ ಎಂದು ಹೇಳಿ ಸುಮ್ಮನಾಗುತ್ತಿದ್ದ. ಕಟ್ಟೆಯ ಮಂದಿಗೆ ಬೇಸರವಾಗುತ್ತಿತ್ತು. ಅವರಿಗಿಂತ ಹೆಚ್ಚು ಬೇಸರ ನನಗೆ. ಹಾಗಾಗಿ ಅವನು ರಜೆ ಮುಗಿಸಿ ಹೋದ ಮೇಲೆ ಹಜಾಮರ ಅಂಗಡಿಯಲ್ಲಿ ಕುಳಿತು ಅವನು ಹೇಳದ್ದನ್ನೆಲ್ಲ ನಾನು ಹೇಳುತ್ತಿದ್ದೆ. ಒಂದು ವರ್ಷ ನಾಲ್ಕು ಮಂದಿಯನ್ನು ಹೊಡೆಸಿದೆ, ಮರುವರ್ಷ ಒಂಬತ್ತು. ಅಣ್ಣನಿಗೆ ತಿಳಿಯದಂತೆ ಅಣ್ಣನನ್ನು ಹುಲಿ ಮಾಡುತ್ತಾ ಬಂದೆ.

ಈ ಮೈಕಿನ ಕೆಲಸ ನನಗೆ ಕಲಿಸಿದವನೂ ಅವನೇ. ರಜೆಯಲ್ಲಿ ಬಂದಾಗ ಹೊಸ್ತಿಲ ಮೇಲೆ ಕೂರಿಸಿಕೊಂಡು, ಹರಿದ ತಂತಿಯನ್ನು ಬೆರಳಿಂದ ಸವರಿ ಎಲ್ಲಿ ಮುರಿದಿದೆ ಎಂದು ಹೇಗೆ ಕಂಡುಹಿಡಿಯಬೇಕು, ಬೆಸುಗೆ ಹೇಗೆ ಹಾಕಬೇಕು ಎಂದು ತೋರಿಸುತ್ತಿದ್ದ. ಅವನಿಗೊಂದು ವಿಚಿತ್ರ ಸ್ವಭಾವವಿತ್ತು. ಎದುರು ಕುಳಿತವರೊಂದಿಗೆ ಮಾತು ಹೊರಡುತ್ತಿರಲಿಲ್ಲ. ಅವ್ವನ ಮುಂದೆಯೂ ಹೂಂ, ಉಹೂಂ ಅಷ್ಟೇ. ಕೈಯಲ್ಲೊಂದು ಮೈಕ್ ಕೊಟ್ಟರೆ ಮಾತ್ರ ಬೇರೆ ಮನುಷ್ಯ. ‘ಹಲೋ, ಚೆಕ್’ ಎಂದು ಶುರುಮಾಡಿದವನು ಓಣಿಯ ಮಂದಿಯ ಸುಖದುಃಖವನ್ನೆಲ್ಲ ವಿಚಾರಿಸುತ್ತಿದ್ದ. ಇಷ್ಟು ವರ್ಷ ಮುಖ ಕಾಣದವರ ಜೊತೆಗೇ ಮಾತಾಡಿ ರೂಢಿಯಾಗಿತ್ತಲ್ಲ.

ಅವನ ಜೊತೆಗೆ ಅದೇ ಬೆಟ್ಟದ ಮೇಲೆ ಉಗರಗೋಳದ ಬಸು ಇದ್ದ. ಒಂದೇ ಸೀಮೆಯವರು, ಒಂದೇ ಮಾತು. ಬಸು ಅಲ್ಲೇ ಲಡಾಯಿಯಲ್ಲಿ ತೀರಿಹೋದ. ಬಸುವಿನ ಅಪ್ಪ ಯಮನಪ್ಪ ಕಾಕಾ ಎಲ್ಲಮ್ಮನ ಗುಡ್ಡಕ್ಕೆ ಬರುವ ಯಾತ್ರಿಕರಿಗೆ ಅಡುಗೆಯ ಪಾತ್ರೆ ಬಾಡಿಗೆಗೆ ಕೊಡುತ್ತಿದ್ದರು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಸಮವಸ್ತ್ರದ ಬಸು. ಪೆನ್ಶನ್ ಮೇಲೆ ಬಂದ ಅಣ್ಣ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಿದ್ದ. ಒಂದೆರಡು ಸಲ ನಾನೂ ಹೋಗಿದ್ದೇನೆ. ಕಾಕಾ ಚಹಾ ಕೊಟ್ಟು, ಮಗ ಕೊನೆಗೆ ಏನಂದ ಎಂದು ಕೇಳುತ್ತಿದ್ದರು. ಅಣ್ಣ ಚಹಾದ ಬಸಿಯನ್ನೇ ನೋಡುತ್ತಾ ಕುಳಿತಿದ್ದು ಎದ್ದು ಬರುತ್ತಿದ್ದ. ಬಸುವಿನ ಕೊನೆಯ ಮಾತನ್ನು ರೇಡಿಯೋದಲ್ಲಿ ಕೇಳಿಸಿಕೊಂಡವನು ಅಣ್ಣನೊಬ್ಬನೇ. ಅದನ್ನು ಆ ಮುದುಕನ ಮುಖ ನೋಡಿ ಹೇಳಲು ಅವನಿಂದ ಆಗುತ್ತಿರಲಿಲ್ಲ.

ಅಷ್ಟರಲ್ಲಿ ವಿಧಾನಸಭೆಯ ಚುನಾವಣೆ ಬಂತು. ಇಲ್ಲೊಂದು ಮಾತು ನಡುವೆ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆ ವರ್ಷ ಮೈಕ್ ಕಟ್ಟಿದ ನನ್ನ ಎರಡು ಆಟೋಗಳಲ್ಲಿ ಒಂದನ್ನು ಯುದ್ಧದ ಹೆಸರಿನಲ್ಲಿ ಮತ ಕೇಳುವವರು ಬಾಡಿಗೆಗೆ ಹಿಡಿದಿದ್ದರು, ಇನ್ನೊಂದನ್ನು ಶಾಂತಿಯ ಹೆಸರಿನಲ್ಲಿ ಕೇಳುವವರು. ಒಂದರಲ್ಲಿ ತೋಪಿನ ಸದ್ದು, ಇನ್ನೊಂದರಲ್ಲಿ ಕೊಳಲು. ನೇಸರಗಿಯ ಸಂತೆಯ ದಿನ ಎರಡೂ ಒಂದು ಇಕ್ಕಟ್ಟಿನ ಓಣಿಯಲ್ಲಿ ಎದುರುಬದುರಾದವು. ಹಿಂದೆ ಸರಿಯಲು ಯಾರೂ ಒಪ್ಪಲಿಲ್ಲ. ಶಾಂತಿಯವರೇ ಹೆಚ್ಚು ಬೈದರು ಎಂದು ಕೇಳಿದೆ. ನನ್ನ ಡ್ರೈವರುಗಳಿಬ್ಬರೂ ಇಳಿದು ಮಿರ್ಚಿ ಭಜಿ ತಿನ್ನುತ್ತಾ ಕುಳಿತರಂತೆ. ನಾನು ಅದನ್ನು ಹೇಳಿಕೊಂಡು ಬಹಳ ನಕ್ಕಿದ್ದೆ. ಎರಡೂ ಕಡೆಯ ಬಾಡಿಗೆ ನನಗೇ ಬರುವಾಗ ಯುದ್ಧವೂ ಶಾಂತಿಯೂ ಒಂದೇ ಎಂದು ತಿಳಿದಿದ್ದೆ.

ಯುದ್ಧದ ಕಡೆಯ ಅಭ್ಯರ್ಥಿ ಬಸುವಿನ ಪಟವನ್ನು ಬ್ಯಾನರಿನ ಮೇಲೆ ಹಾಕಿಸಿದ್ದ. ಸಭೆ ಸಭೆಯಲ್ಲೂ ಬಸು ಸಾಯುವಾಗ ಸೇಡು ಸೇಡು ಎಂದು ಗರ್ಜಿಸಿದ ಎಂದು ಹೇಳುತ್ತಿದ್ದ. ಆ ಮಾತು ಎಲ್ಲಿಂದ ಹೋಯಿತೋ ನನಗೆ ಗೊತ್ತಿಲ್ಲ ಎಂದು ಬರೆಯಬಹುದಿತ್ತು. ಗೊತ್ತಿದೆ. ಹಜಾಮರ ಅಂಗಡಿಯಿಂದ ಹೋಯಿತು. ಯಮನಪ್ಪ ಕಾಕಾ ಅದನ್ನು ಕೇಳಿ ಅಣ್ಣನನ್ನು ಹುಡುಕಿಕೊಂಡು ಬಂದರು. ನನ್ನ ಮಗ ಹಂಗ ಅಂದಿದ್ದನೇ ಎಂದು ಕೇಳಿದರು. ಇಲ್ಲ ಎಂದ ಅಣ್ಣ. ಮತ್ತೆ ಏನಂದ ಎಂದರು. ಅಣ್ಣ ಚಹಾ ತರುತ್ತೇನೆಂದು ಎದ್ದು ಒಳಗೆ ಹೋದ.

ಅದೇ ವಾರ ಅಭ್ಯರ್ಥಿಯ ಕಡೆಯವರು ಅಣ್ಣನನ್ನು ವೇದಿಕೆಗೆ ತರಲು ನನಗೆ ಹೇಳಿದರು. ತಂದರೆ ಇಡೀ ಕ್ಷೇತ್ರದ ಮೈಕಿನ ಕೆಲಸ ನನ್ನದೇ ಎಂದರು. ಎರಡು ಸಲ ಕೇಳಿದೆ, ಅಣ್ಣ ಒಲ್ಲೆ ಎಂದ. ಮೂರನೆಯ ದಿನ ಊಟಕ್ಕೆ ಕುಳಿತಾಗ ಅವನೇ ಮಾತು ತೆಗೆದ.

‘ತಮ್ಮಾ, ಯರಗಟ್ಟಿ ಸಭಾಕ ಬರತೇನಿ. ಅವರು ಬರೆದುಕೊಟ್ಟದ್ದು ಓದೂದಿಲ್ಲ. ಯಮನಪ್ಪ ಕಾಕಾಗ ಬರಾಕ ಹೇಳೇನಿ. ಎದುರಿಗೆ ಕುಂತು ಹೇಳಾಕ ನನ್ನ ಕೈಲೆ ಆಗವಲ್ದು. ಮೈಕ್ ಹಿಡಕೊಂಡ್ರ ಹೇಳತೇನಿ.’

ನನಗೆ ಎಲ್ಲವೂ ಗೊತ್ತಿತ್ತು ಎಂದು ನಿಮಗೆ ತಿಳಿಯಲಿ ಎಂದೇ ಇದನ್ನು ಬಿಡದೆ ಬರೆದಿದ್ದೇನೆ.

ಯರಗಟ್ಟಿಯ ಸಂತೆಯ ಬಯಲಿನಲ್ಲಿ ಮಧ್ಯಾಹ್ನದ ಸಭೆ. ವೇದಿಕೆಯ ಪಕ್ಕಕ್ಕೆ ಶಾಮಿಯಾನದ ನೆರಳಲ್ಲಿ ನಾನು ಆಂಪ್ಲಿಫೈಯರ್ ಮುಂದೆ ಕುಳಿತಿದ್ದೆ. ಯಮನಪ್ಪ ಕಾಕಾ ತಡವಾಗಿ ಬಂದರು. ಮುಂದೆ ಜಾಗವಿರಲಿಲ್ಲ. ಬಯಲಿನ ಕೊನೆಗೆ, ಹತ್ತಿಯ ಅಂಡಿಗೆ ಮೂಟೆ ತುಂಬಿದ ಲಾರಿಯೊಂದಕ್ಕೆ ಒರಗಿ ನಿಂತರು. ವೇದಿಕೆಯ ಮೇಲಿನವರು ಅಣ್ಣನನ್ನು ಒಂಬತ್ತು ವೈರಿಗಳನ್ನು ಹೊಡೆದ ಹುಲಿ ಎಂದು ಕರೆದರು. ಅಣ್ಣ ನನ್ನತ್ತ ತಿರುಗಿ ನೋಡಿದ. ಆ ಒಂಬತ್ತು ಮಂದಿ ಯಾರ ಬಾಯಲ್ಲಿ ಹುಟ್ಟಿದವರೆಂದು ಅವನಿಗೆ ಆಗ ಹೊಳೆದಿರಬೇಕು.

ಮೈಕ್ ಹಿಡಿದು, ನಾ ಯಾರನ್ನೂ ಹೊಡೆದಿಲ್ಲ ಎಂದೇ ಶುರುಮಾಡಿದ. ಮಂದಿ ನಕ್ಕರು, ವಿನಯ ಎಂದುಕೊಂಡರು. ಆಮೇಲೆ ಬೆಟ್ಟದ ಮಾತು ಹೇಳಿದ. ಆಚೆ ಕಡೆಯ ರೇಡಿಯೋದವನೊಬ್ಬನ ಕೆಮ್ಮು ತಮಗೆ ಕೇಳುತ್ತಿತ್ತಂತೆ. ಅವನ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಕೆಮ್ಮು ಮಾತ್ರ ಗೊತ್ತು. ಒಂದು ಬೆಳಿಗ್ಗೆ ಕೆಮ್ಮು ಕೇಳದಿದ್ದಾಗ ಬಸು, ಇವತ್ತು ಆರಾಮಿಲ್ಲೇನೋ ಅವಗ ಎಂದನಂತೆ. ಗುಂಡು ನಿಂತ ದಿನ ಎರಡೂ ಕಡೆಯವರು ಒದ್ದೆ ಬಟ್ಟೆ ಹರವಿ ಬಿಸಿಲಿಗೆ ಕೂಡುತ್ತಿದ್ದರಂತೆ. ಅಂಥ ಒಂದು ದಿನಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದೆವು ಎಂದ. ಮುಂದಿನ ಸಾಲಿನ ಹುಡುಗರು ಮುಖ ಮುಖ ನೋಡಿಕೊಂಡರು. ಅಭ್ಯರ್ಥಿಯ ಮನುಷ್ಯ ನನ್ನತ್ತ ತಿರುಗಿ, ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ಇಳಿಸಿ ತೋರಿಸಿದ.

‘ಇಲ್ಲೇ ಕುಂತು ಲಡಾಯಿ ಬೇಕು ಅನಬ್ಯಾಡ್ರಿ’ ಎಂದ ಅಣ್ಣ. ‘ಬಸು ಸಾಯೂ ಮುಂದ ನನಗ ಒಂದು ಮಾತು ಹೇಳ್ಯಾನ. ಅವರಪ್ಪ ಇಲ್ಲೇ ಬಂದಾರ. ಕಾಕಾ, ಅಂವ ಅಂದದ್ದು ಏನಂದ್ರ...’

ನಾನು ದನಿ ಇಳಿಸಿದೆ.

ಒಮ್ಮೆಲೇ ಬಂದ್ ಮಾಡಲಿಲ್ಲ. ತಾನಾಗಿಯೇ ಕೆಟ್ಟಂತೆ ಕಾಣಲಿ ಎಂದು ಮೆಲ್ಲಗೆ ಇಳಿಸಿದೆ. ನನ್ನ ಕಸುಬಿನಲ್ಲಿ ನಾನು ಅಷ್ಟು ಜಾಣ. ಅಣ್ಣನ ತುಟಿ ಆಡುತ್ತಿತ್ತು, ಮಂದಿಯ ಗದ್ದಲದಲ್ಲಿ ಮಾತು ನನಗೂ ಕೇಳಲಿಲ್ಲ. ದೂರದಲ್ಲಿ ಯಮನಪ್ಪ ಕಾಕಾ ಲಾರಿಯಿಂದ ಬೆನ್ನು ತೆಗೆದು, ಎರಡೂ ಕಿವಿಯ ಹಿಂದೆ ಕೈಯಿಟ್ಟು, ಕುತ್ತಿಗೆ ಮುಂದೆ ಚಾಚಿದ್ದರು. ಅಣ್ಣ ಮೈಕನ್ನು ಎರಡು ಸಲ ಬೆರಳಿಂದ ತಟ್ಟಿ ಮಾತು ನಿಲ್ಲಿಸಿದ. ಅಷ್ಟರಲ್ಲಿ ಅಭ್ಯರ್ಥಿ ಪಕ್ಕದ ಮೈಕ್ ಕಸಿದುಕೊಂಡು ಜೈಕಾರ ಹಾಕಿದ. ಅದು ಚೆನ್ನಾಗಿ ಕೇಳಿತು. ಒಂದೇ ಆಂಪ್ಲಿಫೈಯರಿನ ಎರಡು ಮೈಕುಗಳು.

ಮನೆಗೆ ಬಂದ ಮೇಲೆ ಅಣ್ಣ ಮೈಕಿಗೆ ಏನಾಗಿತ್ತು ಎಂದು ಕೇಳಿದ. ವೈರ್ ಲೂಸ್ ಆಗಿತ್ತು ಎಂದೆ. ಮರುದಿನ ಬೆಳಿಗ್ಗೆ ಅವನು ಹೊಸ್ತಿಲ ಮೇಲೆ ಕುಳಿತು ಆ ತಂತಿಯನ್ನು ಗೇಣು ಗೇಣಾಗಿ ಬೆರಳಿಂದ ಸವರಿ ನೋಡಿದ. ನಲವತ್ತು ಮಾರು ತಂತಿ. ಕೊನೆ ಮುಟ್ಟುವವರೆಗೂ ನೋಡಿ, ಸುರುಳಿ ಸುತ್ತಿ ಮೊಳೆಗೆ ತೂಗುಹಾಕಿದ. ಅದರ ನಂತರ ನನ್ನ ಯಾವ ಸಾಮಾನನ್ನೂ ಅವನು ಮುಟ್ಟಲಿಲ್ಲ. ನಾನು ಮೈಕ್ ಕೊಟ್ಟರೂ ಚೆಕ್ ಎನ್ನಲಿಲ್ಲ.

ವಾರ ಬಿಟ್ಟು ಶಾಂತಿಯ ಕಡೆಯವರು ಮನೆಗೆ ಬಂದರು. ನಿಮ್ಮ ಮಾತನ್ನು ಅವರು ಅರ್ಧಕ್ಕೆ ನಿಲ್ಲಿಸಿದರು, ನಮ್ಮ ವೇದಿಕೆಯಲ್ಲಿ ಪೂರಾ ಹೇಳಿ ಎಂದರು. ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿದ್ದೆ. ಅಣ್ಣ ಅವರನ್ನು ಕೇಳಿದ: ‘ಆಚಿ ಕಡೆಯವರಿಗೆ ನಾವೂ ಗುಂಡು ಹಾಕೇವಿ. ಅದನ್ನೂ ಹೇಳ್ಲಿ?’ ಅದೆಲ್ಲ ಬ್ಯಾಡ್ರಿ, ಬರೇ ಶಾಂತಿ ಅಷ್ಟ ಹೇಳ್ರಿ ಎಂದು ಅವರು ನಕ್ಕರು. ‘ಹಂಗಾದ್ರ ನೀವೂ ನಿಮಗ ಬೇಕಾದಷ್ಟ ಕೇಳಿ ದನಿ ಇಳಸ್ತೀರಿ’ ಎಂದ ಅಣ್ಣ. ಹೇಳುವಾಗ ನನ್ನತ್ತ ನೋಡಲಿಲ್ಲ. ನಾನು ತಾಟನ್ನು ನೆಲಕ್ಕಿಟ್ಟು ಹೊರಗೆ ಹೋದೆ.

ಅಭ್ಯರ್ಥಿ ಗೆದ್ದ. ಮೈಕಿನ ಕೆಲಸ ಅವನ ಅಳಿಯನಿಗೆ ಹೋಯಿತು. ಅದರ ಬಗ್ಗೆ ನನಗೆ ದೂರಿಲ್ಲ. ಮರುವರ್ಷ ಬೇಸಿಗೆಯಲ್ಲಿ ಯಮನಪ್ಪ ಕಾಕಾ ತೀರಿಕೊಂಡರು. ಅಲ್ಲಿಯವರೆಗೂ ಅಣ್ಣ ತಿಂಗಳಿಗೊಮ್ಮೆ ಹೋಗಿ, ಚಹಾ ಕುಡಿದು, ಬಸಿ ನೋಡಿ ಬಂದ. ಅವರು ಹೋದ ಮೇಲೆ ನಮ್ಮ ಜೊತೆಗೂ ಇರಲಿಲ್ಲ. ಸವದತ್ತಿಗೆ ಹೋಗಿ ಬ್ಯಾಂಕಿನ ಬಾಗಿಲು ಕಾಯುವ ಕೆಲಸ ಹಿಡಿದು ಅಲ್ಲೇ ಮನೆ ಮಾಡಿದ. ಹಬ್ಬಕ್ಕೆ ಬರುತ್ತಾನೆ, ಹೋಳಿಗೆ ತಿನ್ನುತ್ತಾನೆ, ಹೋಗುತ್ತಾನೆ. ಜಗಳವಿಲ್ಲ. ಜಗಳವಾದರೂ ಇದ್ದಿದ್ದರೆ ರಾಜಿ ಮಾಡಬಹುದಿತ್ತು.

ನಾಯಕರಾಗುವವರು ಬಂದೂಕು ತೋರಿಸಿ ಮತ ಕೇಳಬೇಕೋ ಪಾರಿವಾಳ ತೋರಿಸಿ ಕೇಳಬೇಕೋ ಎಂದು ಟಿವಿಯಲ್ಲಿ ಕಲಿತವರು ವಾದ ಮಾಡುತ್ತಾರೆ. ನನ್ನ ಓದಿಗೆ ಅದು ಎಟುಕುವುದಿಲ್ಲ. ವೈರಿ ನಿಜವಾಗಿ ಮನೆಗೆ ಬಂದರೆ ಹೊಡೆಯಲೇಬೇಕಾಗುತ್ತದೆ, ಅಣ್ಣನೂ ಅದನ್ನು ಅಲ್ಲ ಎಂದವನಲ್ಲ. ಆದರೆ ಲಡಾಯಿಗೆ ಹೋಗಿ ಬಂದವನ ಮಾತನ್ನು ಕೊನೆಯವರೆಗೆ ಕೇಳುವ ಧೈರ್ಯವಿಲ್ಲದವರು ಅವನ ಹೆಸರಿನಲ್ಲಿ ಧೈರ್ಯದ ಮತ ಕೇಳಬಾರದು ಎಂದು ನನಗೆ ಅನಿಸುತ್ತದೆ. ಇದನ್ನು ಹೇಳುವ ಹಕ್ಕು ನನಗಿಲ್ಲ. ಆದರೂ ಬರೆದೆ.

ಪುಢಾರಿಯನ್ನು ಕಳಿಸಿದ ಮಧ್ಯಾಹ್ನವೇ ಸವದತ್ತಿಯ ಬಸ್ಸು ಹತ್ತಿದೆ. ಅಣ್ಣ ಕೆಲಸ ಮುಗಿಸಿ ಬಂದು ಅಂಗಳದಲ್ಲಿ ಶೇಂಗಾ ಸುಲಿಯುತ್ತಾ ಕುಳಿತಿದ್ದ. ಎದುರು ಕುಳಿತೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ. ಎದುರು ಕುಳಿತು ಹೇಳುವ ಕಷ್ಟ ಏನೆಂದು ಆಗ ತಿಳಿಯಿತು.

‘ಅಣ್ಣಾ, ಆವತ್ತು ವೈರ್ ಲೂಸ್ ಇರಲಿಲ್ಲ.’

‘ಗೊತ್ತೈತಿ.’

ಅವನು ಇನ್ನೊಂದಿಷ್ಟು ಶೇಂಗಾ ಸುಲಿದು ಕಾಳನ್ನು ನನ್ನ ಕಡೆ ಸರಿಸಿದ. ಆಮೇಲೆ ಹೇಳಿದ: ‘ನೀ ಬಂದು ಹೇಳ್ತಿ ಅಂತ ಕಾದ್ನಿ. ಮೈಕ್ ನಿಂದೇ ಇತ್ತಲ್ಲೋ. ಉಗರಗೋಳದಾಗ ಅವರ ಮನಿ ಮುಂದ ಒಂದ ಮೈಕಿನ ಹಾರ್ನ್ ಕಟ್ಟಿಕೊಟ್ಟಿದ್ರ, ನಾ ಓಣಿ ಈ ತುದಿಗೆ ನಿಂತು ಹೇಳತಿದ್ನಿ. ಕಾಕಾ ಒಳಗ ಕುಂತು ಕೇಳತಿದ್ದ. ನಾನಾಗೇ ಬಂದು ನಿನ್ನ ಮೈಕ್ ಕೇಳೋಣು ಅಂದ್ರ, ಮತ್ತ ಸುಳ್ಳು ಹೇಳ್ತಿ ಅಂತ ಹೆದರಿಕಿ ಆತು.’

ಒಂದು ವರ್ಷ. ಹೊಸ್ತಿಲ ಮೇಲೆ ತಂತಿ ಸವರಿದ ದಿನದಿಂದ ಆ ಮುದುಕ ತೀರಿಕೊಂಡ ದಿನದವರೆಗೆ ಹೆಚ್ಚುಕಡಿಮೆ ಒಂದು ವರ್ಷ ತಪ್ಪನ್ನು ಸರಿಮಾಡುವುದು ನನ್ನ ಕೈಯಲ್ಲಿತ್ತು. ಆ ಬಯಲಿನಲ್ಲಿ ಮಾಡಿದ್ದು ಒಂದು ಗಳಿಗೆಯ ತಪ್ಪು ಎಂದು ಇಷ್ಟು ವರ್ಷ ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೆ.

ಬಸು ಏನಂದಿದ್ದ ಎಂದು ಕೇಳಿದೆ. ಈಗಲಾದರೂ ಹೇಳು, ನಾನು ಕೇಳುತ್ತೇನೆ ಎಂದೆ.

ಅಣ್ಣ ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. ‘ಅದು ನಿನಗ ಹೇಳೂ ಮಾತಲ್ಲೋ ತಮ್ಮಾ. ಅದನ್ನ ಕೇಳಾಂವ ಹೋಗ್ಯಾನ’ ಎಂದು, ಸಿಪ್ಪೆಯನ್ನು ಮೊರಕ್ಕೆ ಬಳಿದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಳಗಿಂದ ಉಣ್ಣಲು ಕರೆದ.

ಹಾಗಾಗಿ ನಿಮಗೂ ನಾನು ಮುಂದಿನದನ್ನು ಹೇಳಲಾರೆ. ಅವನು ಕಾಕಾ ಎಂದು ಕರೆದ, ಅಂವ ಅಂದದ್ದು ಏನಂದ್ರ ಎಂದ. ನನಗೆ ಗೊತ್ತಿರುವುದು ಅಷ್ಟೇ.